ಗಾಡಿ ದಾರಿ ಹಳ್ಳ ಆದದ್ದು

...ಅಲ್ಲ, ಮಳಿ ಏನ್ ನಮಗ ಹೊಸಾದಲ್ಲ. ಬನವಾಸಿ ಕಡಿ ಊರು, ಆಷಾಢದಾಗ ಸುರಿಯೂದ ಅದು. ಆದ್ರ ಆ ವರ್ಷ ಕೆರಿ ಏರಿ ಮ್ಯಾಲ ನಿಂತ್ರ ನೀರು ಕಾಲಿಗೆ ಬಂದು ಬಡೀತಿತ್ತು. ಮೂವತ್ತಾರನೇ ಇಸ್ವಿನೋ, ಮೂವತ್ತೇಳೋ, ಇರ್ಲಿ, ನನಗಿನ್ನೂ ಮದುವಿ ಆಗಿದ್ದಿಲ್ಲ. ಅದಕ್ಕಿಂತ ದೊಡ್ಡ ಮಳಿ ಕಂಡಿದ್ವಿ, ಕೆರಿ ಹಂಗ ತುಂಬಿದ್ದಿಲ್ಲ ನೋಡ್ರಿ. ಏರಿ ಒಡದ್ರ ಗದ್ದಿನೂ ಇಲ್ಲ, ಕೆಳಗಿನ ಓಣಿ ಮನಿಗಳೂ ಇಲ್ಲ, ನಮ್ಮನಿ ಅಲ್ಲೇ ಇತ್ತು. ಗಂಡಸ್ರು, ಹೆಂಗಸ್ರು, ಎಲ್ಲಾರೂ ಮಣ್ಣು ಹೊತ್ತು ಹಾಕಿದ್ದ ಹಾಕಿದ್ದು. ಕಡೀಕ ಕೋಡಿ ಅಗಲ ಕಡದು ನೀರು ಹೊರಗ ಬಿಟ್ರು. ನಮ್ಮ ಗದ್ದಿ ಮುಳುಗ್ತು, ಏರಿ ಉಳೀತು.

ಅವ್ವ ಮಾತ್ರ ನೀರು ನೋಡಕೋತ ನಿಂತಾಳ. "ಕೇಳ್ರಿ, ನಾ ಲಗ್ನಾಗಿ ಬಂದಾಗ ಈ ಕೆರಿ ಎಷ್ಟ ಆಳ ಇತ್ತು! ಇಷ್ಟು ಕೆಂಪು ಮಣ್ಣು ಎಲ್ಲಿಂದ ಬರ್ತೈತಿ?" ಅಪ್ಪಗ ಸಿಟ್ಟು. "ಮಳಿಗಾಲದಾಗ ನೀರು ಕೆಂಪಾಗದ ಹಾಲಾಗತೈತೇನ? ಸುಮ್ಕಿರು." ಆಕಿ ಸುಮ್ಕಿರೋ ಪೈಕಿ ಅಲ್ಲ. ಮಳಿ ಹೊಳವಾತು, ಕಂಬಳಿ ಕೊಪ್ಪಿ ಹಾಕ್ಕೊಂಡು ನನ್ನ ಕರಕೊಂಡು ಗುಡ್ಡ ಹತ್ತಿದ್ಲು. ಮ್ಯಾಲ ಎರಡು ಝರಿ ಕೂಡ್ತಾವ. ಒಂದರ ನೀರು ತಿಳಿ, ಇನ್ನೊಂದು ರಾಡಿ. "ಇದರ ಬೆನ್ನ ಹತ್ತೂನು ಬಾ" ಅಂದ್ಲು. ನನಗ ಹುಲಿ ಅಂಜಿಕಿ, ಆಕಿಗೆ ಮತ್ತ ಮಳಿ ಬಂದೀತಂತ ಅಂಜಿಕಿ. ಹೋಗ್ತಾ ಹೋಗ್ತಾ ನೆಲ ಸೀಳಿದಂಗ ಕೊರಕಲು, ಮನಷಾ ನಿಂತ್ರ ತಲಿ ಕಾಣೂದಿಲ್ಲ. ದಂಡಿ ಮ್ಯಾಲೊಂದು ಮಾವಿನ ಮರ, ಅರ್ಧ ಬೇರು ಗಾಳ್ಯಾಗ ಜೋತಾಡ್ತಾವ. ಅವ್ವ ಅಲ್ಲೇ ಕುಂತುಬಿಟ್ಲು. ಯಾಕಂದ್ರ ಆ ಮರ ನಮಗ ಗೊತ್ತು. ಬ್ಯಾಸಗ್ಯಾಗ ಅಪ್ಪ ಕಟ್ಟಿಗಿ ಗುತ್ತೇದಾರನ ತೊಲಿ ಗಾಡ್ಯಾಗ ಹೇರಿ ಗುಡ್ಡ ಇಳಸ್ತಿದ್ದ, ಎತ್ತು ಬಿಚ್ಚಿ ದಣಿವು ಆರಿಸ್ಕೊಳ್ಳೂದು ಅದರ ಬುಡಕ್ಕ! ಹಳ್ಳ ಅಲ್ಲ ಅದು, ಗಾಡಿ ದಾರಿ. ಗಾಲಿ ಕೊರದ ಗೆರಿಯಾಗ ಮಳಿನೀರು ಇಳದು ಇಳದು ಗುಡ್ಡಾನ ಕೆರಿಗೆ ಹೊತ್ತು ತಂದಿತ್ತು.

"ನಿಮ್ಮಪ್ಪಗ ಏನಂತ ಹೇಳ್ಲಿ? ಆ ಗಾಡಿಯಿಂದ ಅಲ್ಲೇನ ನಾವು ಉಣ್ಣೂದು?" ಅಂದ್ಲು ಅವ್ವ. ಮರುದಿನ ಹೇಳಲೇ ಇಲ್ಲ, ಕರಕೊಂಡು ಹೋಗಿ ತೋರಿಸಿದ್ಲು. ಅಪ್ಪ, "ಇದು ನಮ್ಮ ದಾರಿ ಅಲ್ಲ, ಬ್ಯಾರೆ ಎಲ್ಲೋ..." ಅಂದ. ಆಮ್ಯಾಲ ಮರ ನೋಡಿದ. ನೋಡಿ ತಲಿ ರುಂಬಾಲು ತಗದು ಕೈಯಾಗ ಹಿಡಕೊಂಡು ನಿಂತ.

ಅಪ್ಪ ತಾನಾಗೇ ಊರ ಹಿರೇರಿಗೆ ಹೋಗಿ ಹೇಳಿದ. ಬೈದ್ರು, ಬೈಯದ ಬಿಡ್ತಾರೇನ? ಆದ್ರ ಅವರ ಗಾಡಿನೂ ಅಲ್ಲೇ ಓಡ್ಯಾಡಿದ್ವು. ಎಲ್ಲಾರೂ ಕೂಡಿ ಕೊರಕಲಿಗೆ ಅಡ್ಡಡ್ಡ ಕಲ್ಲು ಇಟ್ರು, ಮುಳ್ಳು ತುಂಬಿದ್ರು. "ಸುತ್ತಿನ ದಾರಿಲೆ ಹೊಡೀತೀನ್ರಿ" ಅಂತ ಅಪ್ಪ ಕೇಳಿದ್ರ ಗುತ್ತೇದಾರ, "ದಾರಿ ಮುಚ್ಚಿಸಿದಾಂವ ನೀನ, ಬ್ಯಾರೆ ಗಾಡಿ ಸಿಗ್ತಾವ, ನೀ ಮನ್ಯಾಗಿರು" ಅಂದ. ಆ ಬ್ಯಾಸಗಿ ಗೆಣಸು, ಗಂಜಿ, ಮತ್ತ ಗೆಣಸು. ಮೋಡ ಕಂಡ್ರ ಸಾಕು, ಅಪ್ಪ ಉಣ್ಣೂದು ಬಿಟ್ಟು ಏರಿ ಕಡಿ ಓಡ್ತಿದ್ದ.

ಏರಿ ಒಡೀಲಿಲ್ಲ. ಕೊರಕಲಿನಾಗ ಹುಲ್ಲು ಹಿಡೀತು, ಗಿಡ ಎದ್ವು, ನೀರು ಬರ್ತಾ ಬರ್ತಾ ತಿಳಿ ಆತು. ಆದ್ರ ಬಿದ್ದ ಹೂಳು ಹೋಗಲಿಲ್ಲ, ಅರ್ಧ ಕೆರಿ ಹೋದದ್ದು ಹೋತು. ಅದಕ್ಕ ಹೇಳೂದು, ನೀರಿಗೆ ಬೈಕೋತ ಕುಂಡ್ರಬಾರದು, ಎಲ್ಲಿಂದ ಬಂತು ಅಂತ ನಡದು ಹೋಗಿ ನೋಡಬೇಕು. ಆ ಜಾಡು ನಮ್ಮನಿ ಬಾಗಿಲಿಗೇ ಬಂದು ನಿಂತ್ರೂ ಅಂಜಬಾರದು. ಏಳ್ರಿ ಇನ್ನ, ಮಳಿ ಬರೂ ಹಂಗೈತಿ, ಸೌದಿ ಒಳಗ ಇಡ್ರಿ.