ಕೋನಪ್ಪನ ಲಾರಿಗೂ ಒಂದು ಲೋಡು

ಅಯ್ಯಯ್ಯೋ, ಅದನ್ನ ಒತ್ತಬೇಡಿ ಮೇಡಂ! ಮೊದಲು ಟೀ ಬರಲಿ. ಟೀ ಬರದೆ ಈ ಮೆಷಿನ್ನು ಸರಿಯಾಗಿ ಓಡಲ್ಲ... ಯಾಕೆ ನಗ್ತೀರಾ? ಈ ಸಾಫ್ಟ್‌ವೇರ್ ಮಾಡಿದ ಕಂಪನಿಯೋರು ನೀವು, ಒಪ್ಪಿದೆ. ಆದ್ರೆ ಗೌರಿಬಿದನೂರಿನ ಧೂಳು ಕುಡಿದ ಮೇಲೆ ಅದರ ಗುಣ ಏನಾಗಿದೆ ಅಂತ ಈ ಮುನಿವೆಂಕಟಪ್ಪನ್ನ ಕೇಳಿ. ಕಬ್ಬಿಣದ ಕಟ್ಟಡಗಳ ಬಿಡಿಭಾಗ ಕಳಿಸೋ ಈ ಯಾರ್ಡಿಗೆ ಲೋಡಿಂಗ್ ಮೇಸ್ತ್ರಿ ನಾನು! ನಾನು ಹೂಂ ಅನ್ನದೆ ಇಲ್ಲಿಂದ ಒಂದು ಬೋಲ್ಟೂ ಆಚೆ ಹೋಗಲ್ಲ.

ಏನಂದ್ರಿ ಹೆಸರು? ಸಂಘಮಿತ್ರ... ಯಾವೂರು? ಚಿಂತಾಮಣಿನಾ! ಅಯ್ಯೋ, ಹಾಗಾದ್ರೆ ನಮ್ಮ ಮನೆ ಮಗಳೇ ಬಿಡು. ಇನ್ನು ಮೇಡಂ ಗೀಡಂ ಎಲ್ಲ ಇಲ್ಲ ಕಣಮ್ಮ.

ನೋಡು, ಯಾವ ಲಾರಿಗೆ ಯಾವ ಸರಕು ಅಂತ ಹೇಳೋ ಈ ಪೆಟ್ಟಿಗೆ ಬರೋಕ್ಕೆ ಮುಂಚೆ ಎಲ್ಲಾ ನನ್ನ ತಲೇಲಿತ್ತು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಲಾರಿ ಬರ್ಕೊಳ್ತಿದ್ದೆ. ಸೈಟಲ್ಲಿ ಮೊದಲು ನಿಲ್ಲಿಸೋ ಕಂಬ ಮೇಲೆ ಬರಬೇಕು, ಕೊನೇಲಿ ಏರಿಸೋ ತೊಲೆ ತಳಕ್ಕೆ ಹೋಗಬೇಕು, ಅಷ್ಟೇ ವಿದ್ಯೆ. ಒಂದ್ಸಲ ಒಂದಿಡೀ ಸಿನಿಮಾ ಟಾಕೀಸನ್ನ ಒಂದೇ ಲಾರೀಲಿ ಕಳಿಸಿದ್ದೀನಿ, ಟಿಕೆಟ್ ಹರಿಯೋನ ಸಮೇತ!... ಸರಿ, ಟಿಕೆಟ್ ಹರಿಯೋನು ಇರಲಿಲ್ಲ. ಟಾಕೀಸೂ ಅರ್ಧಾನೇ. ಆದ್ರೆ ಲಾರಿ ಒಂದೇ!

ಗೊತ್ತು, ಗೊತ್ತು, ನೀನು ಮುರಳಿ ವಿಷಯಕ್ಕೆ ಬಂದಿರೋದು. ಪಾಪ, ಬ್ಯಾಗ್ ಸಮೇತ ಹೊರಗೆ ಬೆಂಚಿನ ಮೇಲೆ ಕೂತವ್ನೆ ನೋಡು, ಕಂಪ್ಯೂಟರ್ ಆಪರೇಟರ್ ಮುರಳಿಮೋಹನ್ನು. ಮೊನ್ನೆ ತಾನೇ ಮದುವೆ ಆದೋನು. ನಾನೇ ಬಡಿಸೋಕ್ಕೆ ನಿಂತಿದ್ದೆ. ನೆನ್ನೆ ಶಿಡ್ಲಘಟ್ಟದಲ್ಲಿ ಕಟ್ತಿರೋ ಗೋದಾಮಿಗೆ ಹೋಗಬೇಕಾದ ತೊಲೆಗಳು ಇಲ್ಲೇ ಉಳ್ಕೊಂಡ್ವು. ಅಲ್ಲಿ ಕ್ರೇನು ದಿನ ಪೂರ್ತಿ ಆಕಾಶ ನೋಡ್ಕೊಂಡು ನಿಂತಿತ್ತಂತೆ. ಯಜಮಾನ್ರು ಎಗರಾಡಿ, 'ನೀನೇ ಬೇಕಂತ ಮಾಡಿದೀಯ, ಇಲ್ಲಾಂದ್ರೆ ಇಲ್ಲದ ಲಾರಿಗೆ ಕಂಪ್ಯೂಟರ್ ಹೇಗೆ ಲೋಡ್ ಹಾಕುತ್ತೆ?' ಅಂದ್ರು. ನೀನು ನೋಡಿ ಹೇಳಿದ ಮೇಲೆ ಅವನ ಕೆಲಸ ಉಳಿಯೋದೋ ಹೋಗೋದೋ ತೀರ್ಮಾನ ಅಂತೆ.

ನಾನು ಹೇಳ್ತೀನಿ ಕೇಳು. ಮುರಳಿದು ಏನೂ ತಪ್ಪಿಲ್ಲ. ಅದು ಕೋನಪ್ಪನ ಲಾರಿ.

ಕೋನಪ್ಪ ಅಂತ ನಮ್ಮ ಯಾರ್ಡಿನ ಡ್ರೈವರು. ಅವನ ಲಾರಿ ಹೋದ ವರ್ಷ ಮಂಡಿಕಲ್ ಆಚೆ ಕೆರೆ ಏರಿ ಮೇಲೆ ಬ್ರೇಕ್ ಹಿಡಿಯದೆ ಉರುಳ್ತು. ಅವನು ಅಲ್ಲೇ ಹೋದ. ಲಾರೀನ ಗುಜರಿಯೋರು ಗ್ಯಾಸಲ್ಲಿ ಕತ್ತರಿಸಿ ತಗೊಂಡೋದ್ರು, ನಾನೇ ಕಣ್ಣಾರೆ ನೋಡಿದೀನಿ. ಆದ್ರೆ ಈ ಮೆಷಿನ್ ಒಳಗೆ ಅದು ಹಾಗೇ ಇದೆ ಕಣಮ್ಮ! ದಿನಾ ಬೆಳಿಗ್ಗೆ ಪ್ಲಾನ್ ತೆಗೆದ್ರೆ ಎಲ್ಲಾ ಲಾರಿಗಳ ಕೊನೇಲಿ ಅವನ ಲಾರಿ, ಅದರ ಮೇಲೆ ಬಣ್ಣಬಣ್ಣವಾಗಿ ತೊಲೆ, ಕಂಬ, ಚೆನ್ನಾಗಿ ಜೋಡಿಸಿ... ಎಡ ಬಲ ತೂಕ ಒಂದು ಚೂರೂ ಆಚೀಚೆ ಇಲ್ಲ. ಬದುಕಿದ್ದಾಗ ಅವನ ಲಾರಿಗೆ ಅಷ್ಟು ಅಂದವಾಗಿ ಲೋಡ್ ಬಿದ್ದಿರಲಿಲ್ಲ.

ಹೆದರ್ಕೊಂಡಾ? ಇನ್ನೂ ಕೇಳು. ಲಾರಿ ತೂಗೋ ವೇಬ್ರಿಡ್ಜ್ ಇದೆಯಲ್ಲ, ಒಂದೊಂದ್ಸಲ ಅದರ ಮೇಲೆ ಯಾವ ಲಾರೀನೂ ಇರಲ್ಲ, ಮುಳ್ಳು ಮಾತ್ರ ಆಡುತ್ತೆ. ಗೇಟ್ ಹತ್ರ ಅವನ ಹಾರನ್ನು! ಎರಡು ಉದ್ದ, ಒಂದು ಗಿಡ್ಡ. ನಾಯಿಗಳು ಬಾಲ ಆಡಿಸ್ಕೊಂಡು ಎದ್ದು ಹೋಗ್ತಾವೆ, ಅನ್ನ ಹಾಕ್ತಿದ್ದೋನಲ್ಲವಾ... ನಗು, ನಗು. ನಗೋಕ್ಕೇ ಹೇಳ್ತಿರೋದು ನಾನು.

ಏನು? ಲಾರಿ ಬಂದಿದೆ ಅಂತ ಯಾರಾದ್ರೂ ಆ ಚೌಕದಲ್ಲಿ ಗುರುತು ಹಾಕ್ಲೇಬೇಕಾ? ಹಾಕದೆ ಪ್ಲಾನಲ್ಲಿ ಬರೋದೇ ಇಲ್ವಾ? ಅದು ನಿಮ್ಮ ಆಫೀಸಿನ ಮಾತು. ಇದು ತಾನಾಗೇ ಬರುತ್ತೆ. ಆಣೆ ಮಾಡಿ ಹೇಳ್ತೀನಿ! ಅದಕ್ಕೇ ಅಲ್ವಾ, ಅವನ ಪಾಲಿಗೆ ಬಿದ್ದ ಸರಕನ್ನೆಲ್ಲ ದಿನಾ ನಾನು ಬೇರೆ ಲಾರಿಗಳಿಗೆ ಹಂಚಿ ಕಳಿಸ್ತಿದ್ದದ್ದು. ಈ ತಲೆ ಇದೆಯಲ್ಲ, ಇದರ ಮುಂದೆ ಯಾವ ಮೆಷಿನ್ನು! ನೆನ್ನೆ ಮಾತ್ರ ಬೆಳಿಗ್ಗೆ ಬಂದು ಒಂದು ಗಳಿಗೆಗೇ ಮನೆಯಿಂದ ಫೋನ್ ಬಂತು, ಅಮ್ಮನಿಗೆ ಉಸಿರು ಕಟ್ಟಿದೆ ಅಂತ. ಓಡಿದೆ. ಲೋಡ್ ಮಾಡೋ ಹುಡುಗರು ಹೊಸಬರು, ಕಂಪ್ಯೂಟರ್ ಹೇಳಿದ್ದೇ ವೇದ ಅಂದ್ಕೊಂಡು, ಕೋನಪ್ಪನ ಲಾರಿ ಬರುತ್ತೆ ಅಂತ ಆ ತೊಲೆಗಳನ್ನ ಹಾಗೇ ಬಿಟ್ಟಿದ್ದಾರೆ.

ಎಲ್ಲಿ, ಟೀ ಇನ್ನೂ ಬಂದಿಲ್ಲ... ದಿನಾ ಇಷ್ಟು ಹೊತ್ತಿಗೆ ಮುರಳೀನ ಟೀಗೆ ಕಳಿಸಿರ್ತೀನಿ ನಾನು. ನೀನು ಒಂದು ಕೆಲಸ ಮಾಡಮ್ಮ, ಹಂಗೇ ಯಾರ್ಡ್ ಒಂದು ಸುತ್ತು ನೋಡ್ಕೊಂಡು ಬಾ. ಕುರ್ಚಿ ನಾನು ಕಾಯ್ತೀನಿ. ಬೇಡವಾ? ಬಾಗಿಲು ತೆಗೆದಾಗಿಂದ ಕೂತಿದೀಯ, ಬೆನ್ನು ನೋಯಲ್ವಾ?

ಅಯ್ಯೋ, ಒತ್ತೇಬಿಟ್ಯಾ!

ಸರಿ. ಬಿಡು, ಒತ್ತಿದ್ದೂ ಒಳ್ಳೇದೇ ಆಯ್ತು. ನೋಡು ಈಗ, ನಿನ್ನ ಕಣ್ಣೆದುರಿಗೇ ಬರುತ್ತೆ. ಇದು ನಗರಗೆರೆ ಲಾರಿ... ಇದು ಬಯ್ಯಪ್ಪಂದು... ಇದು ಅಲೀಪುರದೋರ ಲಾರಿ... ಇನ್ನೂ ಕೆಳಗೆ ಎಳಿ. ಕೊನೇಲಿರುತ್ತೆ.

ಇನ್ನೂ ಕೆಳಗೆ.

ಇಷ್ಟೇನಾ? ಇನ್ನೊಂದ್ಸಲ ಓಡಿಸು. ಒಂದೊಂದ್ಸಲ ತಡ ಆಗುತ್ತೆ ಅದಕ್ಕೆ. ಹೂಂ... ಇನ್ನೊಂದ್ಸಲ ಮಾಡು ತಾಯಿ, ಏನು ಗಂಟು ಹೋಗುತ್ತೆ ನಿಂದು?

ಬರಲಿಲ್ಲ.

ಯಾಕಮ್ಮ ಹಂಗೆ ನೋಡ್ತೀಯ? ಬೆಳಿಗ್ಗೆಯಿಂದ ಅಷ್ಟು ನಗ್ತಿದ್ದೋಳು ಈಗ ಯಾಕೆ... ಆ ಮೌಸು ಯಾಕೆ ನನ್ನ ಕಡೆಗೆ ತಳ್ತೀಯ? ಕುರ್ಚಿ ಯಾಕೆ ಬಿಡ್ತೀಯ? ನನಗೇನು ಗೊತ್ತು ಕಂಪ್ಯೂಟರು! ನಾನು ಸೀಮೆಸುಣ್ಣದೋನು...

ಕೂತ್ಕೋ, ಎದ್ದೇಳಬೇಡ.

ನನ್ನ ತಮ್ಮ ಕಣಮ್ಮ ಆ ಕೋನಪ್ಪ. ಹಿಂದೆ ಹುಟ್ಟಿದೋನು. ನಮ್ಮಮ್ಮ, ಚಿಕ್ಕವೆಂಕಟಮ್ಮ ಅಂತ, ಕಣ್ಣು ಕಾಣಲ್ಲ, ನೆನಪು ನಿಲ್ಲಲ್ಲ. ಹೇಳಿದೀವಿ, ಹೇಳಿದಾಗೆಲ್ಲ ಹೊಸದಾಗಿ ಕೇಳಿದ ಹಂಗೆ ಎದೆ ಬಡ್ಕೊಂಡು ಅಳ್ತಾಳೆ, ಬೆಳಿಗ್ಗೆ ಎದ್ರೆ ಮರ್ತಿರ್ತಾಳೆ. ದಿನಾ ಎಷ್ಟು ಸಲ ಸಾಯಿಸಲಿ ಅವನ್ನ? ಹೇಳೋದು ಬಿಟ್ಟೆ. ಸಾಯಂಕಾಲ ಮನೆ ಬಾಗಿಲಲ್ಲಿ ಚಪ್ಪಲಿ ಬಿಡೋಕ್ಕಿಲ್ಲ, 'ಚಿನ್ನೋಡು ಬಯಲ್ದೇರಿನಾಡಾ?' ಅಂತ ತೆಲುಗಲ್ಲಿ ಕೇಳ್ತಾಳೆ. ಚಿಕ್ಕೋನು ಹೊರಟ್ನಾ, ಅಂತ. ಊರಿಗೆಲ್ಲ ಸುಳ್ಳು ಬಿಡೋ ಮುನಿವೆಂಕಟಪ್ಪನಿಗೆ ಅಲ್ಲಿ ಒಂದು ಸುಳ್ಳು ಬರಲ್ಲ ಕಣಮ್ಮ. ಅದಕ್ಕೇ... ದಿನಾ ಮುರಳಿ ಟೀಗೆ ಹೋದಾಗ ಆ ಚೌಕದಲ್ಲಿ ನಾನೇ ಗುರುತು ಹಾಕ್ತಿದ್ದೆ. ಇಲ್ಲಿ ಲೋಡ್ ಹಾಕ್ಬಿಟ್ರೆ ಅದು ಸುಳ್ಳಲ್ಲವಲ್ಲ? ಕಂಪ್ಯೂಟರಲ್ಲಿ ಇದೆಯಲ್ಲ? 'ಹೂಂ ಅಮ್ಮ, ಲೋಡ್ ಆಗಿದೆ, ಚಿಂತಾಮಣಿಗೆ ಹೋಗವ್ನೆ' ಅಂತೀನಿ. ಕಣ್ಣ ಮುಂದೆ ಆ ಚಿತ್ರ ಇಟ್ಕೊಂಡೇ ಹೇಳ್ತೀನಿ.

ಹಾರನ್ನು? ಹಾರನ್ ಮಾತ್ರ ಕತೆ ಅಲ್ಲ. ಅದು ಕೇಳುತ್ತೆ ನನಗೆ.

ಹೋಗು, ಮುರಳೀನ ಒಳಗೆ ಕರಿ. ಬ್ಯಾಗ್ ಕೆಳಗಿಡು ಅನ್ನು. ಯಜಮಾನ್ರ ಹತ್ರ ನಾನೇ ಹೇಳ್ತೀನಿ. ಬೇಕಾದ್ರೆ ಆ ಬೆಂಚಿನ ಮೇಲೆ ನಾನು ಕೂತ್ಕೋತೀನಿ. ಲಾರೀನೂ ಅಳಿಸ್ಬಿಡು... ಅಳಿಸು ಅಂದ್ನಲ್ಲ.

ತಾಳು. ಒಂದೇ ಒಂದು. ಇವತ್ತೂ ಕೇಳ್ತಾಳೆ ಅವಳು. ಮೆಷಿನ್ನಲ್ಲಿ ಹಾಕೋದು ಬೇಡ, ನೀನು ಓದಿದೋಳು, ಸುಮ್ನೆ ಬಾಯಲ್ಲಿ ಒಂದು ಊರು ಹೇಳ್ಬಿಡು, ಸಂಘಮಿತ್ರಮ್ಮ ಹೇಳಿದ್ರು ಅಂತೀನಿ. ಚಿಂತಾಮಣಿ ಬೇಡ, ಶಿಡ್ಲಘಟ್ಟ ಬೇಡ. ಹತ್ತಿರದ್ದಾದ್ರೆ ಮುದ್ದೆ ಮುಚ್ಚಿಟ್ಕೊಂಡು ಅವನಿಗೇಂತ ಉಣ್ಣದೆ ಕಾಯ್ತಾಳೆ.

ದೂರದ್ದು ಹೇಳಮ್ಮ. ವಾಪಸ್ ಬರೋಕ್ಕೆ ಬಹಳ ದಿನ ಹಿಡಿಯೋಂಥದ್ದು.