ಇಸ್ತ್ರಿ ಮಾಡಿದ ಜಾಕೆಟ್ಟುಗಳು

ಈ ಸಂಜೆಯ ಅಧ್ಯಕ್ಷತೆ ವಹಿಸಿರುವ ಮುಖ್ಯ ಇಂಜಿನಿಯರ್ ಸಾಹೇಬರೇ, ವೇದಿಕೆಯ ಮೇಲಿರುವ ಹಿರಿಯರೇ, ರಸ್ತೆ ದುರಸ್ತಿ ವಿಭಾಗದ ನನ್ನ ಸಂಗಾತಿಗಳೇ, ಅವರ ಮನೆಯವರೇ, ಮಕ್ಕಳೇ, ಸಭಿಕರೇ,

ಇಪ್ಪತ್ತೆರಡು ವರ್ಷ ಉಗ್ರಾಣ ನೋಡಿಕೊಂಡವಳ ಕೈಗೆ ಮೈಕು ಕೊಟ್ಟರೆ ಸಾಮಾನಿನ ಪಟ್ಟಿ ಓದಿಬಿಡುತ್ತಾಳೆ ಎಂಬ ಭಯ ನಿಮಗಿರಬಹುದು. ಹೆದರಬೇಡಿ. ನಿವೃತ್ತಿಯ ದಿನ ಏನು ಮಾತಾಡಲಿ ಎಂದು ಕೇಳಿದಾಗ ಸಾಹೇಬರೇ ವಿಷಯ ಕೊಟ್ಟರು. "ದಿನಾ ಬೆಳಿಗ್ಗೆ ರಿಫ್ಲೆಕ್ಟಿವ್ ಜಾಕೆಟ್ ತಗೊಂಡ್ರಾ, ರಿಫ್ಲೆಕ್ಟಿವ್ ಜಾಕೆಟ್ ತಗೊಂಡ್ರಾ ಅಂತ ಕೂಗ್ತೀರಲ್ಲಮ್ಮ, ಆ ರಿಫ್ಲೆಕ್ಟಿವ್ ಅಂದ್ರೆ ಏನು ಅಂತ ಮಕ್ಕಳಿಗೆ ನಾಲ್ಕು ಮಾತು ಹೇಳಿ" ಎಂದರು.

ನಿಘಂಟು ನೋಡಿದೆ. ತನ್ನ ಮೇಲೆ ಬಿದ್ದ ಬೆಳಕನ್ನು ಹಿಂದಕ್ಕೆ ಕಳಿಸುವಂಥದ್ದು ರಿಫ್ಲೆಕ್ಟಿವ್. ಕನ್ನಡಿಗೆ, ನಿಂತ ನೀರಿಗೆ, ಸೈಕಲ್ಲಿನ ಹಿಂದಿನ ಕೆಂಪು ಬಿಲ್ಲೆಗೆ ಈ ಮಾತು ಸಲ್ಲುತ್ತದೆ. ದೀಪಕ್ಕೆ ಸಲ್ಲುವುದಿಲ್ಲ, ದೀಪ ತಾನೇ ಉರಿಯುತ್ತದೆ. ನಡೆದದ್ದನ್ನು ಕೂತು ಯೋಚಿಸುವ ಮನುಷ್ಯನಿಗೂ ಈ ಮಾತನ್ನು ಹೇಳುತ್ತಾರಂತೆ. ಅಂಥವರು ನಮ್ಮ ವಿಭಾಗದಲ್ಲಿ ಎಷ್ಟು ಜನ ಇದ್ದಾರೆ ಎಂದು ನಾನು ಎಣಿಸಲು ಹೋಗುವುದಿಲ್ಲ.

ಅರ್ಥವೇನೋ ಸಿಕ್ಕಿತು. ಬಳಕೆಗೊಂದು ಉದಾಹರಣೆ ಬೇಡವೇ? ಈ ಮಧ್ಯಾಹ್ನ ಊಟವಾದ ಮೇಲೆ, ಮಾದರಿಗೆಂದು ಬಂದಿದ್ದ ಹೊಸ ಜಾಕೆಟ್ಟೊಂದರ ಒಳಗೆ ಹೊಲಿದಿರುವ ಚೀಟಿಯನ್ನು ಓದಿದೆ. ಅಕ್ಷರ ಸಾಸಿವೆ ಕಾಳಿನಷ್ಟು. ಭೂತಗನ್ನಡಿ ಹಿಡಿಯಬೇಕಾಯಿತು. "ರಿಫ್ಲೆಕ್ಟಿವ್ ಪಟ್ಟಿಗೆ ಇಸ್ತ್ರಿ ಮಾಡಬಾರದು. ಬಿಸಿ ತಗುಲಿದರೆ ಪಟ್ಟಿ ಕೆಡುತ್ತದೆ."

ಮೂರು ಸಲ ಓದಿದೆ. ಸಭಿಕರೇ, ಆಮೇಲೆ ಕಾಗದ, ಪೆನ್ನು ತೆಗೆದುಕೊಂಡು ಕೂತೆ.

ಹನ್ನೊಂದು ವರ್ಷದ ಹಿಂದೆ ಮೇಲಧಿಕಾರಿಯೊಬ್ಬರು ತಪಾಸಣೆಗೆ ಬಂದಿದ್ದರು. "ಏನ್ರೀ ಇದು, ನಿಮ್ಮ ಜನ ಗೋಣಿಚೀಲ ಹೊದ್ಕೊಂಡ ಹಾಗಿದ್ದಾರೆ" ಎಂದರು. ಅಂದಿನಿಂದ ಪ್ರತಿ ಶನಿವಾರ ನಲವತ್ತು ಜಾಕೆಟ್ಟುಗಳಿಗೆ ನಾನೇ ಇಸ್ತ್ರಿ ಮಾಡಿದೆ. ಯಾರೂ ಹೇಳಿರಲಿಲ್ಲ, ನಾನೇ ಮಾಡಿದೆ. ನನ್ನ ಮಡಿಕೆಯಲ್ಲಿ ಬೆರಳು ಕುಯ್ದುಕೊಳ್ಳಬಹುದು ಎಂದು ನೀವೇ ತಮಾಷೆ ಮಾಡುತ್ತಿದ್ದಿರಿ. ಈಗ ಕೊಟ್ಟ ಫಲಕದಲ್ಲೂ "ಅಚ್ಚುಕಟ್ಟಿಗೆ" ಎಂದೇ ಬರೆದಿದೆ. ಪಟ್ಟಿ ಕೆಟ್ಟರೂ ಹಗಲಿನಲ್ಲಿ ಯಾವ ವ್ಯತ್ಯಾಸವೂ ಕಾಣುವುದಿಲ್ಲ, ಹಳದಿ ಬಟ್ಟೆಯೇ ಸಾಕು. ಆದರೆ ವಾಹನ ಹೆಚ್ಚಾಯಿತೆಂದು ಈ ವರ್ಷದಿಂದ ಕೆಲಸ ಬೆಳಗಿನ ಐದಕ್ಕೆ ಶುರುವಾಗಿದೆ. ಐದಕ್ಕೆ ಕತ್ತಲು.

ನನ್ನ ತಮ್ಮ ನಿಮಗೆಲ್ಲ ಗೊತ್ತು. ರಸ್ತೆಗೆ ಬಿಳಿ ಗೆರೆ ಬಳಿಯುವವನು. ಮೂರು ತಿಂಗಳ ಹಿಂದೆ ಐದೂ ಕಾಲಿಗೆ ಲಾರಿ ಅವನ ಬಲಗಾಲಿನ ಮೇಲೆ ಹೋಯಿತು. ಚಾಲಕ ಹೇಳಿದ: "ಏನೂ ಹೊಳೀಲಿಲ್ಲ ಸಾರ್. ಹತ್ರ ಬಂದ ಮೇಲೇ ಮನುಷ್ಯ ಅಂತ ಗೊತ್ತಾಗಿದ್ದು." ಎತ್ತಿದವರು ಜಾಕೆಟ್ಟು ಬಿಚ್ಚಿ ಅವನ ತಲೆಯ ಕೆಳಗೆ ಇಟ್ಟಿದ್ದರು. ಆಮೇಲೆ ಅದು ರಸ್ತೆ ಬದಿಯಲ್ಲಿ ಸಿಕ್ಕಿತು. ಅವನು ಅದನ್ನು ಹಾಕಿಕೊಂಡೇ ಇರಲಿಲ್ಲ ಎಂಬ ಅನುಮಾನ ಅಧಿಕಾರಿಗಳಿಗೆ ಬಂತು.

ವಿಚಾರಣೆಯಲ್ಲಿ ನನ್ನನ್ನು ಕೇಳಿದರು. ನಾನೇನು ಹೇಳಿದೆ? "ನನ್ನ ಉಗ್ರಾಣದಿಂದ ಹೋಗುವ ಒಂದು ಜಾಕೆಟ್ಟಿನಲ್ಲೂ ದೋಷವಿಲ್ಲ" ಎಂದೆ. ಸಹಿ ಹಾಕಿದೆ. ದೋಷ ಜಾಕೆಟ್ಟಿನದಲ್ಲ ಎಂದ ಮೇಲೆ ಯಾರದು? ಅವನದೇ ನಿರ್ಲಕ್ಷ್ಯವೆಂದು ಬರೆದು ಕೆಲಸದಿಂದ ತೆಗೆದರು.

ಆಸ್ಪತ್ರೆಯಲ್ಲಿ ಅವನು ಹೇಳಿದ: "ಅಕ್ಕಾ, ನಿನ್ನಾಣೆ, ಹಾಕ್ಕೊಂಡಿದ್ದೆ. ನೀನೇ ತಾನೆ ಇಸ್ತ್ರಿ ಮಾಡಿ ಕೊಟ್ಟಿದ್ದು?"

"ಕೊಟ್ಟಿದ್ದು ನಾನೇ ಕಣೋ. ಹಾಕ್ಕೊಳ್ಳೋನು ನೀನಲ್ವಾ?" ಎಂದೆ. ಕಾಲು ಕಳೆದುಕೊಂಡು ಮಲಗಿದ್ದವನಿಗೆ ಅಂದೆ. ಅವನ ಹೆಂಡತಿ ಬಾಗಿಲ ತನಕ ಬಂದು, "ಅಕ್ಕಾ, ನಿಮ್ಮ ಇಸ್ತ್ರಿಗಿರೋ ಮರ್ಯಾದೆ ನಮ್ಮ ಮನೆಯವರ ಮಾತಿಗಿಲ್ಲ" ಎಂದಳು. ಅಲ್ಲಿಂದೀಚೆಗೆ ಅವರ ಮನೆಯ ಮೆಟ್ಟಿಲು ನಾನು ಹತ್ತಿಲ್ಲ. ಒಂದು ಮಾತು ಹೇಳಿಬಿಡುತ್ತೇನೆ. ಒಡಹುಟ್ಟಿದವನದು ಎಂದು ಅವನ ಜಾಕೆಟ್ಟನ್ನು ಮಾತ್ರ ಎರಡೆರಡು ಸಲ ಉಜ್ಜುತ್ತಿದ್ದೆ.

ದಯವಿಟ್ಟು ಸಭಾಂಗಣದ ದೀಪ ಆರಿಸಿ. ಯಾರೂ ಏಳಬೇಡಿ. ನಿಮ್ಮ ಮೊಬೈಲಿನ ದೀಪ ಹಚ್ಚಿ, ಕಣ್ಣಿನ ಪಕ್ಕಕ್ಕೇ ಹಿಡಿದು ನನ್ನ ಕಡೆ ನೋಡಿ. ಬಲಗೈಯಲ್ಲಿರುವುದು ಹೊಸ ಜಾಕೆಟ್ಟು. ಕಣ್ಣು ಕುಕ್ಕುತ್ತಿದೆ ಅಲ್ಲವೇ? ಈಗ ಇನ್ನೊಂದನ್ನು ನಾನೇ ತೊಡುತ್ತೇನೆ. ವಿಚಾರಣೆ ಮುಗಿದು ಉಗ್ರಾಣಕ್ಕೆ ಮರಳಿದ, ಅದರ ಚೀಟಿ ಇನ್ನೂ ಅಂಟಿಕೊಂಡಿರುವ ತಮ್ಮನ ಜಾಕೆಟ್ಟು ಇದು. ಹೇಳಿ, ಇದರ ಪಟ್ಟಿ ಎಲ್ಲಿದೆ? ಎದೆಯ ಮೇಲಿದೆಯೇ, ಸೊಂಟದ ಮೇಲಿದೆಯೇ? ಕಾಣುತ್ತಿದೆಯೇ? ಯಾರಾದರೂ ಹೇಳಿ.

ಕಾಣುತ್ತಿಲ್ಲ. ಆ ಚಾಲಕನಿಗೂ ಕಂಡಿರಲಿಲ್ಲ.

ಸಾಹೇಬರೇ, ನನ್ನ ಹಳೆಯ ಹೇಳಿಕೆ ತಪ್ಪು. ಹೊಸ ಹೇಳಿಕೆಯನ್ನು ಮಧ್ಯಾಹ್ನವೇ ಬರೆದು ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ಅಕ್ಷರ ಸೊಟ್ಟಗಿದೆ, ಸಹಿ ನನ್ನದೇ. ಇಷ್ಟು ಜನರ ಎದುರಿಗೆ ತೆಗೆದುಕೊಳ್ಳಿ. ತಮ್ಮನ ಮೇಲೆ ಬರೆದದ್ದನ್ನು ಅಳಿಸಬೇಕಾದವರು ನೀವು. ಉಳಿದ ಮೂವತ್ತೊಂಬತ್ತು ಜಾಕೆಟ್ಟುಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೇನೆ. ಹೊಸವು ಬರುವವರೆಗೆ ಬೆಳಕು ಹರಿಯುವ ಮುಂಚೆ ಯಾರನ್ನೂ ರಸ್ತೆಗೆ ಕಳಿಸಬೇಡಿ. ಕೀಲಿ ಈ ಲಕೋಟೆಯಲ್ಲೇ ಇದೆ.

ಫಲಕವನ್ನು ಮೇಜಿನ ಮೇಲೆ ಬಿಟ್ಟು ಹೋಗುತ್ತಿದ್ದೇನೆ, ಬೇಸರಿಸಬೇಡಿ. ಚಹಾಕ್ಕೂ ನಿಲ್ಲುವುದಿಲ್ಲ. ಇಲ್ಲಿಂದ ನೇರವಾಗಿ ತಮ್ಮನ ಮನೆಗೆ. ಅವನು ಬಾಗಿಲು ತೆಗೆಯುತ್ತಾನೋ ಇಲ್ಲವೋ ಗೊತ್ತಿಲ್ಲ. ತೆಗೆಯದಿದ್ದರೆ ಹೊರಗೆ ನಿಂತು, ಅಕ್ಕಪಕ್ಕದ ಮನೆಯವರಿಗೂ ಕೇಳುವ ಹಾಗೆ, ನಿಮಗೆ ಹೇಳಿದ್ದನ್ನೇ ಹೇಳುತ್ತೇನೆ.

ಕತ್ತಲಲ್ಲಿ ಕೂತು ಕೇಳಿದ ನಿಮಗೆಲ್ಲ ವಂದನೆಗಳು. ದೀಪ ಹಾಕಿ. ನಮಸ್ಕಾರ.