ಅವರ ತುಟಿ ಓದಿದ ಹುಡುಗಿ

ಹಿರಿಯರೇ, ಸ್ಟುಡಿಯೋದ ಗೆಳೆಯರೇ, ಮುಂದಿನ ಸಾಲಿನಲ್ಲಿ ಕೂತಿರುವ, ನಮ್ಮನ್ನು ಅಗಲಿದ ನಾಯಕಿಯ ಅಕ್ಕನವರೇ, ಶಾಲೆಯ ಮಕ್ಕಳೇ — ನಮಸ್ಕಾರ. ಸೋಮವಾರ ಬೆಳಿಗ್ಗೆ ಅವರೇ ಫೋನ್ ಮಾಡಿ, "ಏನ್ರೀ ಕ್ಯಾಮೆರಾದವರೇ, ಇನ್ನೂ ಬದುಕಿದ್ದೀರಾ?" ಎಂದು ರೇಗಿಸಿದ್ದರು. ಮಧ್ಯಾಹ್ನ ಶಾಲೆಯಿಂದ ಫೋನ್ ಬಂತು — ಅವರೇ ಇಲ್ಲ. ಇಲ್ಲ ಅಂದರೆ? ನನಗೆ ಈಗಲೂ ಅರ್ಥವಾಗುತ್ತಿಲ್ಲ.

ಮೂಕಿ ಚಿತ್ರಗಳ ಕಾಲದಲ್ಲಿ ಅವರನ್ನು ಕ್ಯಾಮೆರಾದಲ್ಲಿ ಸೆರೆಹಿಡಿದವನು ನಾನು. ಅವರು ಕುಣಿಯುವಾಗ ಕಾಲು ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ಎಂದು — ಹೀಗೆ — ಬಗ್ಗಿ ನೋಡುತ್ತಿದ್ದೆ. ಒಂದು ಚಿತ್ರದಲ್ಲಿ ಸತ್ತ ಗಂಡನ ಮೇಲೆ ಬಿದ್ದು ಹೊರಳಾಡಿ ಅತ್ತರು. ಚಿತ್ರಮಂದಿರವೆಲ್ಲ ಅಳು. ಒಬ್ಬ ಪುಟ್ಟ ಹುಡುಗಿ ಮಾತ್ರ ಬಿದ್ದು ಬಿದ್ದು ನಗುತ್ತಿದ್ದಳು! ಅವಳಿಗೆ ಕಿವಿ ಕೇಳದು, ತುಟಿ ಓದುತ್ತಿದ್ದಳು. ಅಳುತ್ತಲೇ ನಮ್ಮ ನಾಯಕಿ ಆ ಹೆಣಕ್ಕೆ ಹೇಳುತ್ತಿದ್ದದ್ದು: "ಅಯ್ಯೋ ಮಹರಾಯ, ಮೀಸೆ ಕಿತ್ತು ಬರ್ತಿದೆ, ಉಸಿರು ಬಿಡ್ಬೇಡ!"

ಹುಡುಗಿಯ ಅಪ್ಪ ಬಡಗಿ. ಮಗಳನ್ನು ಸ್ಟುಡಿಯೋಗೇ ಕರೆತಂದ. "ಅಮ್ಮಾ, ನನ್ ಮಗಳು ಇಷ್ಟು ನಕ್ಕಿದ್ದನ್ನ ನಾನು ನೋಡೇ ಇರ್ಲಿಲ್ಲ" ಎಂದ. ನಾವೆಲ್ಲ ನಕ್ಕೆವು. ಅವರು ನಗಲಿಲ್ಲ. ಹುಡುಗಿಯನ್ನು ಹಲಗೆಯ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲಿಸಿ, ಪಕ್ಕದಲ್ಲೇ ತಾಳ ಹಾಕಿ ತುಳಿದರು. ಹಲಗೆ ನಡುಗಿತು — ಆ ಮಗು ಕುಣಿಯಿತು!

ಆಮೇಲೆ ಮಾತಿನ ಚಿತ್ರ ಬಂತು. ಮೈಕಿನ ಮುಂದೆ ನಿಂತ ಅವರಿಗೆ ನಿರ್ದೇಶಕರು, "ದನಿ ಒಡೆದ ಮಡಕೆ ಹಾಗಿದೆಯಲ್ಲಮ್ಮ" ಎಂದುಬಿಟ್ಟರು. ಅವರು ಅಲ್ಲೇ ಕೂತು ಬಣ್ಣ ಒರೆಸಿಕೊಂಡರು. ಸಮಾಧಾನ ಹೇಳಹೋದೆ. "ಬಿಡ್ರೀ, ನನ್ ದನಿಯ ಗೊಡವೇನೇ ಇಲ್ಲದವರ ಹತ್ರ ಹೋಗ್ತೀನಿ" ಅಂದರು. ಹೋದರು. ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಕೊನೆಯ ಗಳಿಗೆಯವರೆಗೂ ನೃತ್ಯ ಕಲಿಸಿದರು.

ಕೊನೆಯ ಗಳಿಗೆ — ಅದು ಹೀಗಾಯಿತು. ಸೋಮವಾರ ಪಾಠದ ನಡುವೆ ಮಂಡಿಯೂರಿದರು. ಮೆಲ್ಲಗೆ ಮಗ್ಗುಲಾದರು. ಮಕ್ಕಳು — ಹೇಗೆ ಹೇಳಲಿ ಸ್ವಾಮಿ — ಮಕ್ಕಳು ಅದನ್ನೂ ಪಾಠವೆಂದುಕೊಂಡರು. ತಾವೂ ಮಂಡಿಯೂರಿ, ಮಗ್ಗುಲಾಗಿ, ಸಾಲಾಗಿ ಮಲಗಿಬಿಟ್ಟರು. ಎಷ್ಟು ಹೊತ್ತು ಹಾಗೇ ಇದ್ದರೋ! ಬಾಗಿಲಿಗೆ ಬಂದ ಅಡುಗೆಯಾಕೆ ಕಿರುಚಿಕೊಂಡಳು. ಆ ಕಿರುಚಾಟ ಕೋಣೆಯಲ್ಲಿ ಒಬ್ಬರಿಗೂ ಕೇಳಲಿಲ್ಲ.

ಟೀಚರ್, ದಯವಿಟ್ಟು ಇದನ್ನು ಕೈಸನ್ನೆಯಲ್ಲಿ ಮಕ್ಕಳಿಗೆ ಹೇಳಿ — ಮಕ್ಕಳೇ, ನಿಮ್ಮದೇನೂ ತಪ್ಪಿಲ್ಲ. ನೀವು ಅವರನ್ನು ಒಂಟಿಯಾಗಿ ಬಿಡಲಿಲ್ಲ.

ಈಗ ಎಲ್ಲರೂ ಏಳೋಣ. ಸ್ವಲ್ಪ ಹೊತ್ತು ಯಾರೂ ಮಾತಾಡುವುದು ಬೇಡ. ಅಕ್ಕಾ, ನೀವು ಕೂತಿರಿ — ನಿಮ್ಮ ಪಾಲಿಗೂ ನಾವೇ ನಿಲ್ಲುತ್ತೇವೆ.